ನೂರೆಣಿಸುವ ಪಿ.ಟಿ. ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರು ತಮ್ಮ ಕಾಲ್ಬೆರಳನ್ನು ತಾವು ಕಂಡು ವರ್ಷಗಳಾದವು. ಹೊಟ್ಟೆ ಅಡ್ಡ ಬಂದಿದೆ. ಮಕ್ಕಳ ಕಾಲ್ಬೆರಳ ಮೇಲೆ ಮಾತ್ರ ಅವರದು ಪೂರ್ಣ ಅಧಿಕಾರ.

ಬೆಳಿಗ್ಗೆ ಆರೂವರೆಗೆ ವಿಶಲ್. "ಬಗ್ಗು! ಮಂಡಿ ಮಡಿಸಬೇಡ! ನೂರೆಣಿಸೋವರೆಗೂ ಯಾರೂ ಏಳೋ ಹಾಗಿಲ್ಲ!" ನಲವತ್ತಕ್ಕೆ ಬರುವಾಗ ಅವರಿಗೆ ಫೋನು. ಮಾತು ಮುಗಿಯುವಷ್ಟರಲ್ಲಿ ಲೆಕ್ಕ ಮರೆತಿರುತ್ತದೆ; ಮತ್ತೆ ಒಂದರಿಂದ. ಅದಾದ ಕೂಡಲೇ ನೂರು ಮೀಟರ್ ಓಟ. ಅರ್ಧ ದಾರಿಯಲ್ಲಿ ಒಬ್ಬ ತೊಡೆಯ ಹಿಂಭಾಗ ಹಿಡಿದು ಕೂತುಬಿಡುತ್ತಾನೆ. "ಸರಿಯಾಗಿ ಬಗ್ಗಿಲ್ಲ, ಅದಕ್ಕೇ!"

ಎಂಟನೇ ಕ್ಲಾಸಿನ ಒಬ್ಬನಿಗೆ ಮಂಡಿಚಿಪ್ಪಿನ ಕೆಳಗೆ ಗಂಟು ಬಂದು ನೋವು. ಸರಸರನೆ ಎತ್ತರವಾಗುವ ವಯಸ್ಸು. ಮೂಳೆ ಬೆಳೆದಷ್ಟು ಬೇಗ ಸ್ನಾಯು ಬೆಳೆಯದೆ, ಓಡಿ ಜಿಗಿದಾಗಲೆಲ್ಲ ಎಳೆ ಮೂಳೆಯನ್ನು ಜಗ್ಗುತ್ತದೆ. ಡಾಕ್ಟರು ಅದಕ್ಕೆ ಆಸ್‌ಗುಡ್-ಶ್ಲಾಟರ್ ಅಂದರು. ಮೇಷ್ಟ್ರು ನಾಟಕ ಅಂದರು.

ನಾನು ಲೆಕ್ಕದ ಮೇಷ್ಟ್ರು, ಅಂಕಿ ಹಿಡಿದು ಹೋದೆ. ಆಸ್ಟ್ರೇಲಿಯಾದಲ್ಲಿ ಸೇನೆಗೆ ಹೊಸದಾಗಿ ಸೇರಿದ 1,538 ಜನರನ್ನು 12 ವಾರ ನೋಡಿದ್ದಾರೆ, 2000ದಲ್ಲಿ ಪ್ರಕಟವಾಗಿದೆ: ವ್ಯಾಯಾಮಕ್ಕೆ ಮುಂಚೆ ಮೈ ಎಳೆದವರಿಗೂ ಎಳೆಯದವರಿಗೂ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಫಿಫಾದವರ 20 ನಿಮಿಷದ ತಯಾರಿ ಶುರುವಾಗುವುದೂ ನಿಧಾನ ಓಟದಿಂದಲೇ. ಆಮೇಲೆ ಕಾಲಿಗೆ ಬಲ ಬರುವ, ತೋಲ ತಪ್ಪದಂತೆ ನಿಲ್ಲುವ ಕಸರತ್ತು.

ಮೇಷ್ಟ್ರು ಚಹಾ ಆರಿಸುತ್ತ ಕೇಳಿದರು. "ಆ ಮಿಲಿಟ್ರಿಯವರಿಗೆ ನೂರೆಣಿಸಿದ್ರಾ ಸಾರ್?"

"ಇಲ್ಲ, ಒಂದೊಂದಕ್ಕೆ 20 ಸೆಕೆಂಡು."

"ಮತ್ತೆ!" ಎಂದು ಕಪ್ ಕೆಳಗಿಟ್ಟರು.

ಆದರೂ ನಮ್ಮ ಶಾಲೆಯಲ್ಲಿ ಪೆಟ್ಟು ಮಾಡಿಕೊಳ್ಳದ ಒಂದು ಗುಂಪಿತ್ತು: ದಿನಾ ತಡವಾಗಿ ಬರುವವರು. ಅವರಿಗೆ ಬಗ್ಗುವ ಯೋಗವಿಲ್ಲ. ಶಿಕ್ಷೆಯಾಗಿ ಮೈದಾನಕ್ಕೆ ಮೂರು ಸುತ್ತು, ಮಂಡಿ ಎದೆಗೆ ತಾಗುವ ಹಾಗೆ ಕುಣಿತ, ಹತ್ತು ಬಸ್ಕಿ. ಮೈ ಬಿಸಿಯಾಗಿ, ಬೆವರೊರೆಸಿಕೊಂಡು ಆಟಕ್ಕಿಳಿದರೆ ಹಿಡಿಯುವವರಿಲ್ಲ. ವಿಜ್ಞಾನ ನಮ್ಮ ಶಾಲೆಗೆ ಶಿಕ್ಷೆಯ ವೇಷದಲ್ಲಿ ಬಂದಿತ್ತು.

ಇದನ್ನು ಮೊದಲು ಪತ್ತೆಹಚ್ಚಿದವಳು ಖೋ-ಖೋ ತಂಡದ ಕ್ಯಾಪ್ಟನ್ ಹುಡುಗಿ. ತಾಲ್ಲೂಕು ಕ್ರೀಡಾಕೂಟಕ್ಕೆ ವಾರವಿದ್ದಾಗ ಒಂದು ಬೆಳಿಗ್ಗೆ ನೋಡಿದರೆ, ತಂಡ ಪೂರ್ತಿ ಗೇಟಿನಾಚೆ ಬೇವಿನ ಮರದಡಿ ನಿಂತು ಇವಳ ವಾಚನ್ನೇ ನೋಡುತ್ತಿದೆ. ಆರು ಮೂವತ್ತೈದಾದದ್ದು ಖಾತ್ರಿಯಾದ ಮೇಲೆ ಒಳಗೆ ಬಂದರು.

"ಲೇಟಾಯ್ತು ಸಾರ್."

"ಎಲ್ಲರೂ ಮೂರು ಸುತ್ತು!"

"ಬಸ್ಕಿ ಸಾರ್?"