ಕಾಯ–ಕಾಯಕ ಮೀಮಾಂಸೆ: ದೈತ್ಯ ರೋಬೋಗಳ ಕೇರಳ ಮೂಲದ ಬಗ್ಗೆ ಒಂದು ಅಧಿಕಪ್ರಸಂಗ

ಪ್ರಸ್ತುತ ಪ್ರಬಂಧಕ್ಕೆ ಪ್ರಾಥಮಿಕ ಆಕರಗಳು ಎರಡೇ. ಒಂದು, ಕೊಚ್ಚಿಯ ಇಡಪ್ಪಳ್ಳಿಯಲ್ಲಿರುವ ಅಕ್ಕನ ಫ್ಲಾಟಿನ ಅಟ್ಟದಲ್ಲಿ ಹಳೇ ಲುಂಗಿಯೊಳಗೆ ಸುತ್ತಿಟ್ಟಿದ್ದ ವಿಡಿಯೋ ಗೇಮು. ಎರಡು, ಅದನ್ನು ಸುತ್ತಿಟ್ಟ ಭಾವ. ಮೊದಲನೆಯ ಆಕರ ಈಗಲೂ ಸುಸ್ಥಿತಿಯಲ್ಲಿದೆ. ಎರಡನೆಯದಕ್ಕೆ ಮಂಡಿನೋವು.

ದೈತ್ಯ ರೋಬೋಗಳು ಜಪಾನಿನವು ಎಂಬುದು ವಿದ್ವತ್ ವಲಯದಲ್ಲಿ ಬೇರೂರಿರುವ ಪೂರ್ವಗ್ರಹ. ನಮ್ಮ ಕುಟುಂಬದ ಮಟ್ಟಿಗೆ ದೈತ್ಯ ರೋಬೋ 1992ರಲ್ಲಿ ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಇಳಿದು, ಕಸ್ಟಮ್ಸಿನವರಿಗೆ ಮುಖ ತೋರಿಸಿ, ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಗ್ಗೆ ಕಾಸರಗೋಡಿಗೆ ಬಂತು. ಶಾರ್ಜಾದಿಂದ ರಜೆಯಲ್ಲಿ ಬಂದ ಭಾವನ ಪೆಟ್ಟಿಗೆಯಲ್ಲಿ ಅದು ಟ್ಯಾಂಗ್ ಡಬ್ಬಿಗೂ ಅತ್ತರಿಗೂ ನಡುವೆ ಇತ್ತು. ಜಪಾನಿನ ಹೆಸರು ಅದರ ಮೇಲೆ ಎಲ್ಲೂ ಇರಲಿಲ್ಲ. ಹೀಗಿರುವಾಗ ಮೂಲವನ್ನು ತಿರುವನಂತಪುರ ಎನ್ನದೆ ಬೇರೇನು ಹೇಳುವುದು?

ಕ್ಯಾಸೆಟ್ಟಿನ ಮೈಮೇಲೆ 9999999 ಆಟಗಳಿವೆ ಎಂದು ಅಚ್ಚಾಗಿತ್ತು. ಒಂದು ಬೇಸಿಗೆ ರಜೆ ಪೂರ್ತಿ ಎಣಿಸಿ ನಾನು ಕಂಡುಕೊಂಡದ್ದಿಷ್ಟು: ಇದ್ದದ್ದು ಬೆರಳೆಣಿಕೆಯ ಆಟ, ಉಳಿದವೆಲ್ಲ ಅವುಗಳದೇ ಬೇರೆ ಬೇರೆ ಹೆಸರು. ಇದನ್ನು ಮೋಸ ಎನ್ನುವವರು ಸಹಸ್ರನಾಮದ ತತ್ತ್ವ ತಿಳಿಯದವರು. ಆ ಬೆರಳೆಣಿಕೆಯಲ್ಲಿ ಎರಡು ನಮ್ಮ ವಿಷಯಕ್ಕೆ ಸೇರುತ್ತವೆ. ‘ಮ್ಯಾಕ್ರಾಸ್’ 1982ರ ಜಪಾನೀ ಕಾರ್ಟೂನ್ ಧಾರಾವಾಹಿಯಿಂದ 1985ರಲ್ಲಿ ಇಳಿದ ಆಟ. ಅದರಲ್ಲಿ ಯುದ್ಧವಿಮಾನವೇ ಕೈಕಾಲು ಬಿಚ್ಚಿ ರೋಬೋ ಆಗುತ್ತದೆ. ಇನ್ನೊಂದು 1984ರ ‘ಫಾರ್ಮೇಷನ್ ಝಡ್’. ಇಲ್ಲಿ ರೋಬೋ ನೆಲದ ಮೇಲೆ ಓಡುತ್ತದೆ, ಸಮುದ್ರ ಬಂದರೆ ವಿಮಾನವಾಗಿ ಹಾರುತ್ತದೆ; ಹಾರುವಷ್ಟು ಹೊತ್ತೂ ಇಂಧನ ಕರಗುತ್ತದೆ, ಮುಗಿದರೆ ನೀರುಪಾಲು. ನಮಗೆ ಈ ಹೆಸರುಗಳು ಗೊತ್ತಿರಲಿಲ್ಲ. ಒಂದು ‘ವಿಮಾನದ್ದು’, ಇನ್ನೊಂದು ‘ಸಮುದ್ರದ್ದು’. ಕ್ಯಾಸೆಟ್ ಕೈಕೊಟ್ಟರೆ ಕಿತ್ತು ಬಾಯಿಗೆ ಹಿಡಿದು ಕೊಳಲಿನಂತೆ ಊದಬೇಕು. ಈ ಫೂತ್ಕಾರ ಸಂಸ್ಕಾರವನ್ನು ಯಾರು ಯಾರಿಗೆ ಕಲಿಸಿದರೋ, ದೇಶದ ಎಲ್ಲ ಮಕ್ಕಳಿಗೂ ಬರುತ್ತಿತ್ತು. ಎರಡನೆಯ ರಿಮೋಟಿನಲ್ಲಿ ಸ್ಟಾರ್ಟ್ ಬಟನ್ನೇ ಇರುತ್ತಿರಲಿಲ್ಲ. ಎರಡನೆಯದು ನನ್ನದು.

ನಮಗೆ ಪೂರ್ವಸಂಸ್ಕಾರ ಇರಲಿಲ್ಲವೆಂದಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಜೈಂಟ್ ರೋಬೋಟ್’ ಬರುತ್ತಿತ್ತು. 1967ರಲ್ಲಿ ಜಪಾನಿನಲ್ಲಿ ಶುರುವಾದ 26 ಕಂತುಗಳ ಆ ಸರಣಿಯಲ್ಲಿ ಹುಡುಗನೊಬ್ಬ ಕೈಗಡಿಯಾರಕ್ಕೆ ಬಾಯಿಟ್ಟು ಆಜ್ಞೆ ಕೊಟ್ಟರೆ ಗುಡ್ಡದಷ್ಟು ರೋಬೋ ಹಾರಿ ಬರುತ್ತದೆ. ನಾನು ಅಪ್ಪನ ಎಚ್‌ಎಂಟಿ ವಾಚಿಗೆ ಹಲವು ಸಲ ಆಜ್ಞೆ ಕೊಟ್ಟಿದ್ದೇನೆ. ಪ್ರತಿ ಸಲವೂ ಬಂದದ್ದು ಅಪ್ಪ. ಭಾವನ ಸಂಸ್ಕಾರವೇ ಬೇರೆ. ಶಾರ್ಜಾದ ರೂಮಿನಲ್ಲಿ ಆತ ಅರಬಿ ಭಾಷೆಯ ‘ಗ್ರೆಂಡೈಸರ್’ ನೋಡಿ ಬಂದವರು. ಜಪಾನಿನ ಈ ರೋಬೋವಿಗೆ ಎಪ್ಪತ್ತರ ದಶಕದ ಕೊನೆಗೆ ಲೆಬನಾನಿನಲ್ಲಿ ಅರಬಿ ಮಾತು ಹಚ್ಚಿದರು; ಅಲ್ಲಿಂದ ಇಡೀ ಅರಬ್ ನಾಡಿನ ಮಕ್ಕಳು ಅದರ ಭಕ್ತರು. ಭಾವನಿಗೆ ಅರಬಿ ಬರುವುದು ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟೇ, ಆದರೆ ಶೀರ್ಷಿಕೆ ಗೀತೆ ಮಾತ್ರ ಈಗಲೂ ಮೊದಲಿಂದ ಕೊನೆವರೆಗೆ ಕಂಠಪಾಠ.

ಇನ್ನು ಸಿದ್ಧಾಂತಕ್ಕೆ ಬರೋಣ. ದೈತ್ಯ ರೋಬೋ ಎಂದರೆ ಏನು? ದೊಡ್ಡ ಮೈ, ಮೇಲೆ ಕೂತು ನಡೆಸುವ ಸಣ್ಣ ಮನುಷ್ಯ. ಈ ಲಕ್ಷಣವನ್ನು ಓದಿದ ಯಾವ ಮಲಯಾಳಿಯೂ ಹೇಳುವ ಉತ್ತರ ಒಂದೇ: ಆನೆ. 1972ರ ‘ಮಾಜಿಂಗರ್ ಝಡ್’ನಲ್ಲಿ ನಾಯಕ ಸಣ್ಣ ವಾಹನದಲ್ಲಿ ಹಾರಿ ಬಂದು ರೋಬೋವಿನ ನೆತ್ತಿಯ ಮೇಲೆ ಕೂರುತ್ತಾನೆ, ಮಾವುತ ಕೂರುವುದು ಅದಕ್ಕಿಂತ ಒಂದು ಗೇಣು ಹಿಂದೆ. ಕೇರಳದ ಮಾವುತನ ಕೈಯಲ್ಲಿ ‘ತೋಟ್ಟಿ’ ಎಂಬ ಕೊಕ್ಕೆ, ‘ವಲಿಯ ಕೋಲು’, ‘ಚೆರುಕೋಲು’. ಜಾಯ್‌ಸ್ಟಿಕ್ಕಿನ ಉಗಮ ಬೇರೆಲ್ಲಿ ಹುಡುಕಬೇಕು? ಎಡ ಬಲ ತಿರುಗಿಸುವುದು ಕಿವಿಯ ಹಿಂದೆ ಕಾಲ್ಬೆರಳೊತ್ತಿ. 1974ರ ‘ಗೆಟ್ಟರ್ ರೋಬೋ’ಗೆ ಮೂವರು ಚಾಲಕರಿದ್ದರೆಂದು ಜಪಾನೀಯರು ಹೆಮ್ಮೆಪಡುತ್ತಾರೆ. ಒನ್ನಾಂ ಪಾಪ್ಪಾನ್, ರಂಡಾಂ ಪಾಪ್ಪಾನ್, ಮೂನ್ನಾಂ ಪಾಪ್ಪಾನ್ ಎಂಬ ಮಾವುತರ ಪದ್ಧತಿ ಅವರಿಗೆ ಗೊತ್ತಿದ್ದಂತಿಲ್ಲ. 1995ರ ‘ಇವ್ಯಾಂಜೆಲಿಯನ್’ನಲ್ಲಿ ರೋಬೋವಿಗೆ ಬೆನ್ನಿನಿಂದ ಕರೆಂಟಿನ ಕೇಬಲ್ಲು, ಅದು ಕಿತ್ತರೆ ಐದೇ ನಿಮಿಷದ ಬ್ಯಾಟರಿ, ಒಮ್ಮೊಮ್ಮೆ ತಾನಾಗಿ ಕೆರಳಿ ಚಾಲಕನ ಮಾತೇ ಕೇಳುವುದಿಲ್ಲ. ಕೆರಳುವುದಕ್ಕೆ ನಮ್ಮಲ್ಲಿ ಮದ ಎನ್ನುತ್ತಾರೆ. ಆಗ ಕೇಬಲ್ಲಲ್ಲ, ಸರಪಳಿ.

ಆಕ್ಷೇಪ ಬರಬಹುದು: ರೋಬೋ ವೇಷ ಬದಲಿಸುತ್ತದೆ, ಆನೆ ಬದಲಿಸುವುದಿಲ್ಲ. ಒಪ್ಪಿದೆ. ವೇಷದ ಭಾಗಕ್ಕೆ ನಮ್ಮ ಕಡೆಯ ಯಕ್ಷಗಾನ ಇದೆ. ಆ ಕಾರ್ಟೂನುಗಳಲ್ಲಿ ರೋಬೋ ಕೂಡಿಕೊಂಡು ಎದ್ದು ನಿಲ್ಲುವ ಅದೇ ಚಿತ್ರವನ್ನು ಪ್ರತಿ ವಾರ ಹಾಗೆಯೇ ಮತ್ತೆ ಹಾಕುತ್ತಿದ್ದರು, ಖರ್ಚು ಉಳಿಯಲಿ ಎಂದು. ಅಷ್ಟು ಹೊತ್ತು ಎದುರಾಳಿ ಸುಮ್ಮನೆ ನಿಂತು ಕಾಯುತ್ತಾನೆ. ಬಣ್ಣದ ವೇಷದ ಒಡ್ಡೋಲಗ ಮುಗಿಯುವವರೆಗೆ ಕಾಯುವ ಸೌಜನ್ಯ ಬಯಲಾಟ ನೋಡಿದವರಿಗೆ ಹೊಸತಲ್ಲ.

ಕ್ಷೇತ್ರಕಾರ್ಯ ಕೊಚ್ಚಿಯಿಂದ ಆರಂಭವಾಯಿತು, ಕಾರಣ ವಿದ್ವತ್ತಲ್ಲ, ವೈರು. ಅಕ್ಕನ ಹೊಸ ಟೀವಿಯಲ್ಲಿ ಹಳೇ ಗೇಮಿಗೆ ತೂತಿಲ್ಲ. ಎ.ವಿ.ಯಿಂದ ಎಚ್‌ಡಿಎಂಐಗೆ ತಿರುಗಿಸುವ ಡಬ್ಬಿಗಾಗಿ ಪಳ್ಳಿಮುಕ್ಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೊರಟೆವು. ಕಾರು ಪಾಲಾರಿವಟ್ಟಂನಲ್ಲಿ ನಿಂತಿತು. ನಿಂತೇ ಇತ್ತು. ಮಾಜಿಂಗರನ್ನು ಬರೆದ ಗೋ ನಾಗಾಯಿಗೆ ಆ ಕಲ್ಪನೆ ಹೊಳೆದದ್ದು ಇಂಥದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗಲಂತೆ: ಕಾರಿಗೆ ಕೈಕಾಲು ಮೂಡಿ ಮುಂದಿನವರನ್ನೆಲ್ಲ ದಾಟಿಹೋದರೆ! ಪ್ರತಿಭೆಗೆ ಟ್ರಾಫಿಕ್ಕೇ ಗೊಬ್ಬರವಾಗಿದ್ದರೆ ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ದಿನಕ್ಕೊಂದು ಮಹಾಕಾವ್ಯ ಹುಟ್ಟಬೇಕಿತ್ತು.

ಸಂಜೆ ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳ ಪರಿಶೀಲನೆ. ಮರದ ದೊಡ್ಡ ತೋಳುಗಳು, ಹಿಂದೆ ಹಗ್ಗದಲ್ಲಿ ತೂಗುವ ಕಲ್ಲುಗಳು, ಎಳೆಯಲು ನಾಲ್ಕೈದು ಜನ. ಅವರ ಬೆನ್ನ ಹಿಂದೆ, ನೀರಿನಾಚೆ, ವಲ್ಲಾರ್‌ಪಾಡಂ ಬಂದರಿನ ಕ್ರೇನುಗಳು ಅದೇ ಭಂಗಿಯಲ್ಲಿ. ಇಷ್ಟು ದೊಡ್ಡ ಯಂತ್ರ ಕಿರುಗುಟ್ಟುತ್ತ ಮೇಲೆದ್ದಾಗ ಬಲೆಯಲ್ಲಿದ್ದದ್ದು ಒಂದು ಹಿಡಿ ಮೀನು, ಒಂದು ಎಡಗಾಲಿನ ಹವಾಯಿ ಚಪ್ಪಲಿ. ಪ್ರಬಂಧದ ಮುಖ್ಯ ಸೂತ್ರ ನನಗೆ ಹೊಳೆದದ್ದು ಆ ಚಪ್ಪಲಿ ನೋಡಿದಾಗ: ಕಾಯ ದೊಡ್ಡದಾದಷ್ಟೂ ಕಾಯಕ ಕಿರಿದು. ಬಸವಣ್ಣನವರು ಇದನ್ನು ರೋಬೋಗಳಿಗೆ ಅನ್ವಯಿಸಿರಲಿಲ್ಲ.

ಸೂತ್ರಕ್ಕೆ ಪುರಾವೆ ಹೇರಳ. ರಿಯಾದ್‌ನಲ್ಲಿ 33.7 ಮೀಟರ್ ಎತ್ತರದ ಗ್ರೆಂಡೈಸರ್ ಪ್ರತಿಮೆ ನಿಲ್ಲಿಸಿ ಗಿನ್ನೆಸ್ ದಾಖಲೆ ಮಾಡಿದ್ದಾರೆ. ಅದರ ಕಾಯಕ ನಿಲ್ಲುವುದು. ಯೊಕೊಹಾಮಾದಲ್ಲಿ 18 ಮೀಟರ್ ಎತ್ತರ, 25 ಟನ್ ತೂಕದ ಗುಂಡಮ್ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ ಬೆನ್ನಿಗೆ ಆಸರೆ ಕೊಟ್ಟುಕೊಂಡು ಮಂಡಿ ಮಡಚಿ ಕೈ ಎತ್ತುತ್ತಿತ್ತು. ಭಾವನಿಗೂ ಅಷ್ಟು ಆಗುತ್ತದೆ. ಕೊಚ್ಚಿಯ ತೃಕ್ಕಯಿಲ್ ಮಹಾದೇವ ದೇವಸ್ಥಾನದ ‘ಮಹಾದೇವನ್’, ತಿರುವನಂತಪುರದ ಪೌರ್ಣಮಿಕಾವಿನ ‘ಬಲದಾಸನ್’, ನಮ್ಮ ಮೈಸೂರಿನ ಮಠವೊಂದರ ‘ಶಿವ’: ಇವೆಲ್ಲ ಪ್ರಾಣಿದಯಾ ಸಂಘದವರು ಈಚೆಗೆ ಕೊಡಿಸಿದ ಯಾಂತ್ರಿಕ ಆನೆಗಳು, ಮೂರು ಮೀಟರಿನ ಆಸುಪಾಸು, ಹೊರಗೆ ರಬ್ಬರು, ಒಳಗೆ ಮೋಟಾರು. ಕಿವಿ ಬೀಸುತ್ತವೆ, ಸೊಂಡಿಲಿನಿಂದ ನೀರು ಚಿಮ್ಮಿಸುತ್ತವೆ, ಬೆನ್ನ ಮೇಲೆ ಜನ ಕೂರಬಹುದು, ಮದವೇರುವುದಿಲ್ಲ. ಕಾಯ ಇಳಿಯಿತು, ಕಾಯಕ ಏರಿತು. ಇಲ್ಲಿಗೆ ನನ್ನ ಆನೆ ವಾದ ಪೂರ್ಣವೃತ್ತವಾಯಿತು ಎಂದು ನಾನು ಬೀಗಿದಾಗ ಭಾವ ಕೇಳಿದರು, “ಹಾಗಾದ್ರೆ ಆನೆಯಿಂದ ರೋಬೋ ಆದದ್ದಾ, ರೋಬೋದಿಂದ ಆನೆ ಆದದ್ದಾ ಮಾರಾಯಾ?” ವಿದ್ವಾಂಸರು ಇಂಥ ಪ್ರಶ್ನೆಗಳನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಕ್ಷೇತ್ರಕಾರ್ಯದ ಮುಂದಿನ ಘಟ್ಟ ತಿರುವನಂತಪುರ. ಅಲ್ಲಿ ಕಾಲಗಣನೆಯ ತೊಡಕೂ ಬಿಡಿಸಿಕೊಂಡಿತು. ಜಪಾನಿನ ಟೀವಿಯಲ್ಲಿ ಮೊದಲ ದೈತ್ಯ ರೋಬೋ ‘ತೆತ್ಸುಜಿನ್ 28’ ಕಾಣಿಸಿಕೊಂಡದ್ದು 1963ರ ಅಕ್ಟೋಬರ್ 20ರಂದು. ಇಲ್ಲಿನ ತುಂಬದಿಂದ (ನಮ್ಮ ತುಂಬೆ ಗಿಡವೇ ಆ ಊರಿನ ಹೆಸರು) ಮೊದಲ ರಾಕೆಟ್ ಹಾರಿದ್ದು ಅದೇ ವರ್ಷ ನವೆಂಬರ್ 21ರಂದು. ನಡುವೆ 32 ದಿನ. ಅವರದು ಕಾಗದದ ಮೇಲಿನ ಚಿತ್ರ, ನಮ್ಮದು ಚರ್ಚಿನ ಅಂಗಳದಲ್ಲಿ, ಬಿಡಿಭಾಗಗಳನ್ನು ಸೈಕಲ್ಲಿನ ಮೇಲೆ ಹೊತ್ತು ತಂದ ರಾಕೆಟ್ಟು. ಚಿತ್ರ ಬರೆಯಲು ಬೇಕಾಗುವ ಸಮಯಕ್ಕಿಂತ ಸೈಕಲ್ ತುಳಿಯಲು ಬೇಕಾಗುವ ಸಮಯ ಹೆಚ್ಚಾದ್ದರಿಂದ, ನಮ್ಮದು ಮೊದಲು ಹೊರಟಿತ್ತೆಂದು ತಾನಾಗಿ ಸಿದ್ಧವಾಗುತ್ತದೆ.

ಪೊಲೀಸ್ ಪ್ರಧಾನ ಕಚೇರಿಯ ‘ಕೆಪಿ–ಬಾಟ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಚ್ಚಿಯ ಕಂಪನಿಯೊಂದು ಮಾಡಿದ ಈ ಆಳೆತ್ತರದ ರೋಬೋ 2019ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿಗಳಿಗೆ ಸಲ್ಯೂಟ್ ಹೊಡೆದು ಸಬ್ ಇನ್‌ಸ್ಪೆಕ್ಟರ್ ದರ್ಜೆಯಲ್ಲಿ ಸೇವೆಗೆ ಸೇರಿತು. ಪಿಎಸ್‌ಸಿ ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಬರಲೆಂದು ವರ್ಷಗಟ್ಟಲೆ ಕಾಯುವ ಕೇರಳದ ಯುವಕರು ಇದನ್ನು ಹೇಗೆ ಸಹಿಸಿದರು ಎಂಬುದೇ ಪ್ರತ್ಯೇಕ ಪ್ರಬಂಧದ ವಸ್ತು.

ನಾನು ಹುಡುಕುತ್ತಿದ್ದದ್ದು ಸಿಕ್ಕಿದ್ದು ಚಾಲ ಬಜಾರಿನ ಹತ್ತಿರ, ರಸ್ತೆಯ ಮಧ್ಯೆ. ತೆರೆದ ಮ್ಯಾನ್‌ಹೋಲಿನ ಮೇಲೆ ಒಂದು ಚೌಕಟ್ಟು. ಅದರಿಂದ ಜೇಡದಂಥ ಯಂತ್ರವೊಂದು ಕೆಳಗಿಳಿದು, ಕಾಲು ಅಗಲಿಸಿ ಗುಂಡಿಯ ಗೋಡೆಗೆ ಆನಿಸಿಕೊಂಡು, ಕೈಚಾಚಿ ಕೆಸರು ಬಾಚುತ್ತಿತ್ತು. ನಡೆಸುವವನು ಮೇಲೆ, ಒಣಗಿದ ನೆಲದ ಮೇಲೆ. ಸ್ಕ್ರೀನಿಗೆ ಬಿಸಿಲು ಬಿದ್ದು ಕಾಣದೆ ತಲೆಗೆ ತೋರ್ತು ಮುಸುಕಿಕೊಂಡು, ನಾವು ‘ಸಮುದ್ರದ್ದು’ ಆಡುವಾಗ ಇಣುಕುತ್ತಿದ್ದಂತೆಯೇ ಇಣುಕುತ್ತಿದ್ದ. ಹೆಸರು ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ. ಆ ಇಂಗ್ಲಿಷ್ ಪದವೂ ತೆಲುಗಿನ ಪಂದಿಕೊಕ್ಕುವಿನಿಂದ ಹೋದದ್ದೇ. ಕುಟ್ಟಿಪ್ಪುರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಇದನ್ನು ಮಾಡುವ ಮೊದಲು ಕಟ್ಟುತ್ತಿದ್ದದ್ದು ಮನುಷ್ಯ ಮೈಗೆ ತೊಟ್ಟು ನಡೆಯುವ ಯಂತ್ರಕವಚವನ್ನು. ನೇರ ಕಾರ್ಟೂನಿನದೇ ಕನಸು. 2015ರ ನವೆಂಬರಿನಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗಿಳಿದ ಇಬ್ಬರು ಕಾರ್ಮಿಕರೂ, ಅವರನ್ನು ಎತ್ತಲೆಂದು ಇಳಿದ ಆಟೋ ಚಾಲಕನೂ ಒಳಗೇ ಸತ್ತರು. ಹುಡುಗರು ಆಮೇಲೆ ಗುಂಡಿಯ ಯಂತ್ರಕ್ಕೆ ಕೈಹಾಕಿದರು. 2018ರಲ್ಲಿ ಅದು ತಿರುವನಂತಪುರದಲ್ಲೇ ಮೊದಲು ಕೆಲಸಕ್ಕಿಳಿಯಿತು. ರೋಬೋ ಎಂಬ ಪದ ಹುಟ್ಟಿದ್ದು 1920ರ ಒಂದು ಚೆಕ್ ನಾಟಕದಲ್ಲಿ. ಮೂಲದಲ್ಲಿ ಅದರರ್ಥ ಬಿಟ್ಟಿ ಚಾಕರಿ. ಈ ವಾಕ್ಯವನ್ನು ಅಣಕಿಸಲು ನನಗೆ ದಾರಿ ತೋಚಲಿಲ್ಲ.

ಬಕೆಟ್ಟು ಮೇಲೆ ಬಂದಾಗ ಕಪ್ಪು ಕೆಸರಿನ ನಡುವೆ ಬಲಗಾಲಿನ ಒಂದು ಹವಾಯಿ ಚಪ್ಪಲಿ ಇತ್ತು. ಫೋರ್ಟ್ ಕೊಚ್ಚಿಯದರ ಜೋಡಿಯೋ ಅಲ್ಲವೋ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಮರಳಿ ಇಡಪ್ಪಳ್ಳಿ. ಡಬ್ಬಿ ಸಿಕ್ಕಿಸಿದ್ದಾಯಿತು, ಕ್ಯಾಸೆಟ್ಟು ಊದಿದ್ದಾಯಿತು. ಚಿತ್ರ ಬಂತು, ಬಣ್ಣ ಬರಲಿಲ್ಲ, ಪಾಲ್–ಎನ್‌ಟಿಎಸ್‌ಸಿ ತಕರಾರು. ಕಪ್ಪುಬಿಳುಪಿನಲ್ಲೇ ರೋಬೋ ಓಡತೊಡಗಿತು. ಅದರ ಎತ್ತರ ಟೀವಿಯ ಮೇಲೆ ನನ್ನ ಹೆಬ್ಬೆರಳಿನಷ್ಟು. ಕಾಯ ಅಷ್ಟು, ಕಾಯಕ ಮೂವತ್ತು ವರ್ಷದ್ದು. ಒಂದನೆಯ ರಿಮೋಟು ಎಂದಿನಂತೆ ಭಾವನ ಕೈಯಲ್ಲಿ, ಅರಬಿ ಹಾಡು ಬಾಯಲ್ಲಿ. ಸಮುದ್ರ ಬಂತು. ವಿಮಾನವಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ:

“ಎರಡು ದೊಡ್ಡ ದೇಹ ಅಲ್ಲಿ ಕೂತು ಎಂತ ಮಾಡ್ತಾ ಉಂಟು? ಒಬ್ಬರಾದ್ರೂ ಬಂದು ಕಾಯಿ ಹೆರೆದು ಕೊಡಿ.”

ಸೂತ್ರವನ್ನು ಅಕ್ಕನಿಗೆ ನಾನು ಹೇಳಿರಲಿಲ್ಲ. ಭಾವ ಮಂಡಿ ಹಿಡಿದುಕೊಂಡು ಎದ್ದರು. “ತಗೋ, ನೋಡಿಕೋ. ಎಣ್ಣೆ ಮುಗೀತಾ ಬಂತು” ಎಂದು ರಿಮೋಟನ್ನು ನನ್ನ ಮಡಿಲಿಗೆ ಹಾಕಿ ಹೆರೆಮಣೆಯ ಕಡೆ ಹೋದರು. ಸ್ಟಾರ್ಟ್ ಬಟನ್ ಇದ್ದ ರಿಮೋಟು ನನ್ನ ಕೈಗೆ ಬಂದದ್ದು ಅದೇ ಮೊದಲು. ಒತ್ತಿದೆ. ಆಟ ನಿಂತಿತು, ಕೆಳಗೆ ಬಿಳಿಯ ಸಮುದ್ರ, ಮೇಲೆ ಕಪ್ಪು ವಿಮಾನ.