ಓಡಿ, ಆದರೆ ಬೇಗ ವಾಪಸ್ ಬನ್ನಿ

ಜೈಲಿಗೆ ಬೆಂಕಿ ಬಿದ್ದಾಗ ಓಡಿದ ಕೈದಿ ಅಪರಾಧಿಯಲ್ಲ. ಕೂತು ಸುಟ್ಟುಹೋಗಲಿಲ್ಲ ಎಂಬ ಕಾರಣಕ್ಕೆ ಅವನನ್ನು ನೇಣಿಗೇರಿಸುವಂತಿಲ್ಲ. ಹಳೇ ಇಂಗ್ಲಿಷ್ ಕಾನೂನು ಅಷ್ಟು ಉದಾರಿ. ಅಮೆರಿಕದ ಸುಪ್ರೀಂ ಕೋರ್ಟು 1868ರಲ್ಲಿ ಇದಕ್ಕೆ ತಲೆದೂಗಿತು.

ಬೆಂಕಿಯಾದರೆ ಸರಿ, ಹೊಗೆ ಕಾಣುತ್ತದೆ. ಮೈಮೇಲೆ ಬೀಳುವ ಸಹಕೈದಿ, ಬಡಿಯುವ ವಾರ್ಡರ್ ಆದರೆ?

1974ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟಿನ ಮುಂದೆ ಇಬ್ಬರು ಮಹಿಳೆಯರ ಪ್ರಕರಣ ಬಂತು. ಸಹಕೈದಿಗಳ ಗುಂಪೊಂದು ಲೈಂಗಿಕ ದಾಳಿಯ ಬೆದರಿಕೆ ಹಾಕಿತ್ತು. ಅಧಿಕಾರಿಗಳಿಗೆ ಹಲವು ಸಲ ದೂರಿದರು. ಯಾರೂ ಕದಲಲಿಲ್ಲ. ಓಡಿದರು. ಕೆಲವೇ ಗಜ ದೂರದ ಹುಲ್ಲಿನ ಹೊಲದಲ್ಲಿ ಸಿಕ್ಕಿಬಿದ್ದರು. ದೂರಿಗೆ ಏಳದ ಇಲಾಖೆ ಹಿಡಿಯುವುದರಲ್ಲಿ ಎಷ್ಟು ಚುರುಕು!

ವಿಚಾರಣಾ ಕೋರ್ಟು ಈ ಕತೆ ಕೇಳಲೂ ಒಪ್ಪಿರಲಿಲ್ಲ. ಮೇಲಿನ ಕೋರ್ಟು ಒಪ್ಪಿತು, ಐದು ಬೀಗ ಹಾಕಿ. ಜೀವಕ್ಕೋ ಮಾನಕ್ಕೋ ಸದ್ಯದ ಅಪಾಯವಿರಬೇಕು. ದೂರಲು ಸಮಯವಿರಬಾರದು, ಇಲ್ಲವೇ ಹಿಂದಿನ ದೂರುಗಳು ಕಸದ ಬುಟ್ಟಿ ಸೇರಿರಬೇಕು. ಕೋರ್ಟಿಗೆ ಹೋಗಲೂ ಅವಕಾಶವಿರಬಾರದು. ಓಡುವಾಗ ಯಾರ ಮೈಗೂ ಕೈ ಹಾಕಬಾರದು. ಸುರಕ್ಷಿತ ಜಾಗ ಮುಟ್ಟಿದೊಡನೆ ಶರಣಾಗಬೇಕು. ಯಾರಿಗೆ? ಸರ್ಕಾರಕ್ಕೆ. ಓಡಿಬಂದದ್ದು ಯಾರ ಜೈಲಿನಿಂದ? ಅದೇ ಸರ್ಕಾರದ್ದು.

ವಾಷಿಂಗ್ಟನ್ ಜೈಲಿನ ಕತೆ ಇನ್ನೂ ಸೊಗಸು. 1976ರ ಆಗಸ್ಟಿನಲ್ಲಿ ನಾಲ್ವರು ಕೈದಿಗಳು ಕಿಟಕಿಯಿಂದ ನುಸುಳಿ, ಗಂಟು ಹಾಕಿದ ಬೆಡ್‌ಶೀಟ್ ಹಿಡಿದು ಜಾರಿದರು. ಸಾಕ್ಷ್ಯದ ಪ್ರಕಾರ ಕಾವಲುಗಾರರು ಬಡಿಯುತ್ತಿದ್ದರು, ಕೊಲ್ಲುವ ಬೆದರಿಕೆ ಹಾಕುತ್ತಿದ್ದರು. ಕಸಕ್ಕೆ ಕಿಚ್ಚಿಡಲಾಗುತ್ತಿತ್ತು, ಗಾಳಿಯಾಡದ ಬ್ಲಾಕಿನಲ್ಲಿ ಹೊಗೆ ಕಟ್ಟಿ ನಿಲ್ಲುತ್ತಿತ್ತು. ಗಮನಿಸಿ, ಇಲ್ಲಿ ನಿಜವಾದ ಬೆಂಕಿಯೇ ಇತ್ತು.

ಆದರೂ ಇವರದೇ ಪ್ರಕರಣದ, 1980ರ ಬೈಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತಲೆಯಾಡಿಸಲಿಲ್ಲ. ಓಡಿದ್ದಿರಲಿ, ಶರಣಾಗಲಿಲ್ಲವಲ್ಲ ಎಂದಿತು. ವಾಪಸ್ ಹೋದರೆ ಮತ್ತೆ ಅದೇ ಪ್ರಾಣಭಯ ಎಂದು ಒಬ್ಬ ಕೈದಿ ಹೇಳಿದ್ದ. ಸಾಲದು ಎಂದಿತು. ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪಿನ ಸಾರ: ಶರಣಾಗಲು ಯತ್ನಿಸದವರ ಅನಿವಾರ್ಯತೆಯ ವಾದವನ್ನು ಜ್ಯೂರಿಯ ಮುಂದಿಡುವುದೇ ಬೇಡ. ಜೈಲಿನೊಳಗಿನ ಅಮಾನುಷತೆಯನ್ನು ಬಿಡಿಸಿಟ್ಟು ಭಿನ್ನಮತ ಬರೆದವರು ಬ್ಲ್ಯಾಕ್‌ಮನ್. ಜೊತೆಗೂಡಿದವರು ಬ್ರೆನನ್ ಒಬ್ಬರೇ.

ಸರಿ, ಓಡುವುದು ಬೇಡ, ಸಭ್ಯರ ಹಾಗೆ ಕೋರ್ಟಿಗೇ ಹೋಗೋಣ ಅಂತೀರಾ? ಅಮೆರಿಕದ ಸಂಸತ್ತು 1996ರಲ್ಲಿ ಅದಕ್ಕೂ ಕಾನೂನು ಮಾಡಿತು. ಜೈಲಿನ ಸ್ಥಿತಿಗತಿಯ ಬಗ್ಗೆ ಫೆಡರಲ್ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು, ಕೈದಿ ಜೈಲಿನೊಳಗಿನ ದೂರು ವ್ಯವಸ್ಥೆಯ ಕೊನೇ ಹಂತದವರೆಗೆ ಹೋಗಿ ಬರಬೇಕು. ಆ ದೂರನ್ನು ವಿಚಾರಿಸುವವರು ಜೈಲಿನ ಅಧಿಕಾರಿಗಳೇ.