ಕಡತಕ್ಕೊಂದು ಭದ್ರ ಸೂರು

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸರ್ಕಾರಿ ಬಾಡಿಗೆ ಮನೆ ಬೇಕಿದ್ದರೆ ಬಡವ ತನ್ನ ಬಡತನಕ್ಕೆ ಪುರಾವೆ ಒದಗಿಸಬೇಕು. ಆದಾಯದ ಚೀಟಿ, ಬ್ಯಾಂಕಿನಲ್ಲಿರುವ ಹಣದ ಲೆಕ್ಕ, ಗುರುತಿನ ಪತ್ರ, ಮನೆಯಲ್ಲಿರುವ ತಲೆಗಳೆಷ್ಟು, ಎಲ್ಲವೂ ಬೇಕು. "ಇದು ನಮ್ಮ ಗಂಡಹೆಂಡಿರ ಸಂಪುಟದ ಗುಟ್ಟು, ತೋರಿಸಲಾಗದು" ಎಂದು ಯಾರಾದರೂ ಹೇಳಿ ನೋಡಲಿ!

ಸರ್ಕಾರಕ್ಕೆ ಈ ತಾಪತ್ರಯವಿಲ್ಲ. 2023ರ ಸೆಪ್ಟೆಂಬರ್ 20ರಂದು ವಿಕ್ಟೋರಿಯಾ ರಾಜ್ಯದ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಡೇನಿಯಲ್ ಆಂಡ್ರೂಸ್ ನಗರದ 44 ಬಹುಮಹಡಿ ಸರ್ಕಾರಿ ವಸತಿ ಕಟ್ಟಡಗಳನ್ನೂ 2051ರೊಳಗೆ ಕೆಡವಿ ಹೊಸದಾಗಿ ಕಟ್ಟುತ್ತೇವೆ ಎಂದರು. ವಾರ ತುಂಬುವುದರೊಳಗೆ ರಾಜೀನಾಮೆಯನ್ನೂ ಘೋಷಿಸಿ ಮನೆಗೆ ಹೊರಟರು. ಹೋಗಲು ಮನೆಯಿದ್ದವರು ಪುಣ್ಯವಂತರು.

ಆಗ ಅಲ್ಲಿದ್ದವರು ಸುಮಾರು 10,000 ಮಂದಿ. ಹೊಸ ಕಟ್ಟಡಗಳಲ್ಲಿ 30,000 ಮಂದಿ ಇರುತ್ತಾರಂತೆ. ಅದರಲ್ಲಿ ಅಗ್ಗದ ಬಾಡಿಗೆಯ ಬಡವರು ಎಷ್ಟು? 11,000. ಮಿಕ್ಕ 19,000 ಮಂದಿ ಯಾರೆಂದು ಕೇಳುವುದು ಸಭ್ಯತೆಯಲ್ಲ. ನಗರದ ನಡುಮಧ್ಯದ ಆ ನೆಲದ ಬೆಲೆ ಬಲ್ಲವರು ಕೇಳುವುದೂ ಇಲ್ಲ.

ಆದರೂ ಕೆಲವು ತರಲೆಗಳಿದ್ದಾರೆ. ರಿಪೇರಿಗೆ ಎಷ್ಟಾಗುತ್ತದೆ, ಕೆಡವಿ ಕಟ್ಟಲು ಎಷ್ಟಾಗುತ್ತದೆ, ಆ ಲೆಕ್ಕ ತೋರಿಸಿ ಎಂದರು. ನಿವಾಸಿಗಳು ಕೋರ್ಟಿಗೆ ಹೋದರು. ಅಲ್ಲಿ ಸರ್ಕಾರ ಸಚಿವ ಸಂಪುಟದ ಗೋಪ್ಯತೆಯನ್ನು ಗುರಾಣಿಯಂತೆ ಎತ್ತಿಹಿಡಿಯಿತು. 2025ರಲ್ಲಿ ರಾಜ್ಯದ ಮೇಲ್ಮನೆಯ ಸಮಿತಿಯೂ ವಿಚಾರಣೆಗೆ ಕೂತಿತು. ಕೆಡವುವುದು ಬಹಿರಂಗ, ಕಾರಣ ಮಾತ್ರ ರಹಸ್ಯ.

ಈ ವಿದ್ಯೆಯಲ್ಲಿ ಆಸ್ಟ್ರೇಲಿಯಾದವರನ್ನು ಮೀರಿಸುವುದು ಕಷ್ಟ. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಒಂದು ಕಾಲಕ್ಕೆ ಮುಜುಗರದ ಕಡತಗಳನ್ನು ಟ್ರಾಲಿಯಲ್ಲಿ ಹೇರಿ ಸಂಪುಟದ ಕೋಣೆಗೆ ಒಯ್ದು ವಾಪಸು ತರುತ್ತಿದ್ದರು. ಗರ್ಭಗುಡಿಗೆ ಹೋಗಿಬಂದ ತೆಂಗಿನಕಾಯಿ ಪ್ರಸಾದವಾಗುವಂತೆ, ಆ ಕಾಗದವೆಲ್ಲ ಸಂಪುಟದ ದಾಖಲೆಯಾಗಿಬಿಡುತ್ತಿತ್ತು. ಆಮೇಲೆ ಮಾಹಿತಿ ಹಕ್ಕಿನವರು ಬಂದು ಮುಟ್ಟುವಂತಿಲ್ಲ, ಮಡಿ!

ಕಾಗದ ಕೊಡದವರಿಗೆ ಶಿಕ್ಷೆಯೇ ಇಲ್ಲ ಎನ್ನಬೇಡಿ. 1996ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಹಣಕಾಸು ಸಚಿವ ಮೈಕಲ್ ಈಗನ್ ಸದನ ಕೇಳಿದ ದಾಖಲೆ ಕೊಡಲಿಲ್ಲ. ಮೇಲ್ಮನೆ ಅವರನ್ನು ಅಮಾನತು ಮಾಡಿತು; ಸದನದ ಅಧಿಕಾರಿ ಅವರನ್ನು ಸಿಡ್ನಿಯ ಮ್ಯಾಕ್ವಾರಿ ಸ್ಟ್ರೀಟಿನ ಫುಟ್‌ಪಾತಿನವರೆಗೂ ಬಿಟ್ಟುಬಂದರು. ಈಗನ್ ಸುಮ್ಮನಿರಲಿಲ್ಲ, ದಾವೆ ಹೂಡಿದರು. ಪ್ರಕರಣ ದೇಶದ ಹೈಕೋರ್ಟಿನವರೆಗೂ ಹೋಯಿತು. ದಾಖಲೆ ಕೇಳುವ, ಕೊಡದ ಸಚಿವರನ್ನು ಹೊರಹಾಕುವ ಅಧಿಕಾರ ಸದನಕ್ಕಿದೆ ಎಂದು 1998ರಲ್ಲಿ ತೀರ್ಪು ಬಂತು. ಮರುವರ್ಷ ಇನ್ನೊಂದು ಮೊಕದ್ದಮೆಯಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ, ಸಂಪುಟದ ಒಳಚರ್ಚೆಯ ಕಾಗದ ಮಾತ್ರ ಕೇಳುವಂತಿಲ್ಲ ಎಂದಿತು. ಯಾವ ಕಾಗದ ಎಲ್ಲಿಡಬೇಕೆಂದು ಮಂತ್ರಿಗಳಿಗೆ ಅಷ್ಟರಲ್ಲೇ ಅರ್ಥವಾಗಿರಬೇಕು.

ಆ ಮೊದಲ ದಾವೆಯಲ್ಲಿ ಈಗನ್‌ಗೂ ಒಂದು ಸಣ್ಣ ಗೆಲುವು ದಕ್ಕಿತ್ತು. ಸದನದಿಂದ ಹೊರಹಾಕಿದ್ದು ಸರಿ, ಆದರೆ ಬೀದಿಯವರೆಗೂ ಒಯ್ದದ್ದು ಅತಿಯಾಯಿತು ಎಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತ್ತು. ಇತ್ತ ಮೆಲ್ಬರ್ನ್ ನಿವಾಸಿಗಳ ಮೊಕದ್ದಮೆ 2025ರ ಏಪ್ರಿಲ್‌ನಲ್ಲಿ ವಜಾ ಆಯಿತು. ಅವರಿಗೆ ಬೇರೆ ಕಡೆ ಮನೆ ಕೊಡುತ್ತೇವೆಂದು ಸರ್ಕಾರ ಮಾತು ಕೊಟ್ಟಿದೆ. ಬಾಯಿಮಾತನ್ನು ಟ್ರಾಲಿಯಲ್ಲಿ ಹೇರುವ ಕಷ್ಟವೂ ಇಲ್ಲ.